ಡಬ್ಬಿಯ ಮೇಲಿನ ಚೀಟಿ

ಮಕ್ಕಳೇ, 'ಎಐ ಏಜೆಂಟ್' ಎನ್ನುವ ಮಾತು ಈಚೆಗೆ ನಿಮ್ಮ ಕಿವಿಗೂ ಬಿದ್ದಿರಬೇಕು. ಅದು ರೈಲು ಹುಡುಕಿಕೊಡುತ್ತದಂತೆ, ಲೆಕ್ಕ ಮಾಡುತ್ತದಂತೆ, ಕಂಪ್ಯೂಟರಿನ ಕಡತ ತೆರೆದು ತಪ್ಪು ತಿದ್ದುತ್ತದಂತೆ ಎಂದೆಲ್ಲ ದೊಡ್ಡವರು ಮಾತಾಡಿಕೊಳ್ಳುತ್ತಾರೆ. ಇದನ್ನೆಲ್ಲ ಅದು ಹೇಗೆ ಮಾಡುತ್ತದೆ? ಬನ್ನಿ, ಅದರೊಳಗಿನ ಒಂದು ಪುಟ್ಟ ಸಂಗತಿಯನ್ನು ಇವತ್ತು ಒಟ್ಟಿಗೆ ಕೂತು ನೋಡೋಣ. ಎಷ್ಟು ಪುಟ್ಟದೆಂದರೆ, ಬರೀ ನಾಲ್ಕು ಸಾಲಿನ ಬರಹ. ಆ ನಾಲ್ಕು ಸಾಲು ನೆಟ್ಟಗಿಲ್ಲದಿದ್ದರೆ ಎಂಥ ಜಾಣ ಏಜೆಂಟ್ ಕೂಡ ತಬ್ಬಿಬ್ಬಾಗಿಬಿಡುತ್ತದೆ.

ಮೊದಲು ಏಜೆಂಟಿನ ಒಳಗೆ ಇಣುಕೋಣ. ಅಲ್ಲಿರುವುದು ಒಂದು ಭಾಷಾ ಮಾದರಿ. ರಾಶಿ ರಾಶಿ ಬರಹಗಳನ್ನು ಓದಿಸಿ ಅದನ್ನು ತಯಾರು ಮಾಡಿರುತ್ತಾರೆ. ನಾವು ಒಂದಷ್ಟು ಪದ ಕೊಟ್ಟರೆ, ಅವುಗಳ ಮುಂದೆ ಯಾವ ಪದ ಬಂದರೆ ಹೊಂದುತ್ತದೆ ಎಂದು ಲೆಕ್ಕ ಹಾಕಿ ಅದನ್ನು ಬರೆಯುತ್ತದೆ. ಆಮೇಲೆ ಅದರ ಮುಂದಿನದು, ಮತ್ತೆ ಅದರ ಮುಂದಿನದು. ಹೀಗೆ ಚೂರು ಚೂರು ಪೋಣಿಸುತ್ತಾ ಹೋಗಿ ಪೂರ್ತಿ ಉತ್ತರ ಕೊಡುತ್ತದೆ. ಒಳಗೆ ಬರಹ ಹೋಗುತ್ತದೆ, ಹೊರಗೆ ಬರಹ ಬರುತ್ತದೆ. ಸದ್ಯಕ್ಕೆ ಇಷ್ಟು ನೆನಪಿಟ್ಟುಕೊಂಡರೆ ಸಾಕು.

ಈಗ ಅದನ್ನು, "ಆಗುಂಬೆಯಲ್ಲಿ ಈ ಹೊತ್ತು ಮಳೆ ಬರುತ್ತಿದೆಯಾ?" ಎಂದು ಕೇಳಿ ನೋಡಿ. ಪಾಪ, ಅದಕ್ಕೆ ಹೇಗೆ ಗೊತ್ತಿರಬೇಕು? ಅದು ಓದಿದ್ದೆಲ್ಲ ಎಂದೋ ಬರೆದಿಟ್ಟ ಬರಹ. ಕಿಟಕಿಯಾಚೆ ನೋಡಲು ಅದಕ್ಕೆ ಕಣ್ಣಿಲ್ಲ. ಇವತ್ತು ತಾರೀಖು ಎಷ್ಟು ಎನ್ನುವುದನ್ನು ಕೂಡ ಯಾರಾದರೂ ಹೇಳಿಕೊಡಬೇಕು. ಉದ್ದುದ್ದ ಸಂಖ್ಯೆಗಳ ಗುಣಾಕಾರ ಕೊಟ್ಟರೂ ಮುಂದಿನ ಪದ ಊಹಿಸುವ ಈ ಯಂತ್ರ ಒಮ್ಮೊಮ್ಮೆ ಎಡವುತ್ತದೆ.

ಅದಕ್ಕೇ ಜನ ಅದಕ್ಕೆ ಟೂಲುಗಳನ್ನು ಕೊಡತೊಡಗಿದರು. ಟೂಲು ಅಂದರೆ ಒಂದೇ ಒಂದು ಕೆಲಸವನ್ನು ಚೆನ್ನಾಗಿ ಮಾಡುವ ಪುಟ್ಟ ಸಾಫ್ಟ್‌ವೇರ್. ಒಂದು ಲೆಕ್ಕ ಮಾಡುತ್ತದೆ, ಇನ್ನೊಂದು ತಾರೀಖು ಹೇಳುತ್ತದೆ, ಮತ್ತೊಂದು ಅಂತರ್ಜಾಲದಲ್ಲಿ ಹುಡುಕುತ್ತದೆ. 2023ರ ಫೆಬ್ರವರಿಯಲ್ಲಿ ಮೆಟಾ ಕಂಪನಿಯ ಸಂಶೋಧಕರು 'ಟೂಲ್‌ಫಾರ್ಮರ್' ಎಂಬ ಮಾದರಿಯ ಬಗ್ಗೆ ಬರೆದರು. ಕ್ಯಾಲ್ಕುಲೇಟರನ್ನೋ ಕ್ಯಾಲೆಂಡರನ್ನೋ ಯಾವಾಗ ಬಳಸಬೇಕು ಎಂದು ಅದು ತಾನಾಗಿ ಕಲಿತಿತ್ತು. ಅದೇ ವರ್ಷ ಜೂನ್‌ನಲ್ಲಿ ಓಪನ್‌ಎಐ ಕಂಪನಿ, ಪ್ರೋಗ್ರಾಮ್ ಬರೆಯುವ ಯಾರು ಬೇಕಾದರೂ ತಮ್ಮ ಟೂಲುಗಳನ್ನು ಮಾದರಿಗೆ ಪರಿಚಯಿಸುವ ದಾರಿ ಮಾಡಿಕೊಟ್ಟಿತು. 2024ರ ನವೆಂಬರ್‌ನಲ್ಲಿ ಆಂಥ್ರಪಿಕ್ ಕಂಪನಿ 'ಎಂಸಿಪಿ' ಎಂಬ ಒಂದು ಸಾಮಾನ್ಯ ಕ್ರಮವನ್ನು ಎಲ್ಲರಿಗೂ ತೆರೆದಿಟ್ಟಿತು. ಅದರಿಂದ ಒಬ್ಬರು ಮಾಡಿದ ಟೂಲನ್ನು ಬೇರೆಯವರ ಏಜೆಂಟಿಗೂ ಸುಲಭವಾಗಿ ಜೋಡಿಸಬಹುದಾಯಿತು.

ನನಗೆ ತುಂಬ ಇಷ್ಟವಾದ ಭಾಗ ಇನ್ನು ಮುಂದಿದೆ. ಮಾದರಿ ಟೂಲನ್ನು ಮುಟ್ಟುವುದೇ ಇಲ್ಲ! ಮುಟ್ಟಲು ಅದಕ್ಕೆ ಕೈ ಎಲ್ಲಿದೆ? ಅದು ಮಾಡುವುದು ಬರೆಯುವ ಕೆಲಸ ಮಾತ್ರ, ಅಲ್ಲವೇ? ಹಾಗಾಗಿ, "ಇಂಥ ಟೂಲು ಬೇಕು, ಅದಕ್ಕೆ ಈ ಊರು, ಈ ದಿನ ಕೊಡಿ" ಎಂದು ಬರೆದು ಸುಮ್ಮನಾಗುತ್ತದೆ. ಸುತ್ತಲಿರುವ ಇನ್ನೊಂದು ಪ್ರೋಗ್ರಾಮ್ ಅದನ್ನು ಓದಿ, ಟೂಲನ್ನು ಓಡಿಸಿ, ಬಂದ ಉತ್ತರವನ್ನು ಮತ್ತೆ ಬರಹದ ರೂಪದಲ್ಲೇ ಮಾದರಿಯ ಮುಂದಿಡುತ್ತದೆ. ಮಾದರಿ ಅದನ್ನು ಓದಿಕೊಂಡು ಮುಂದೆ ಬರೆಯುತ್ತದೆ.

ಹಾಗಾದರೆ ತನ್ನ ಹತ್ತಿರ ಯಾವ ಯಾವ ಟೂಲುಗಳಿವೆ ಎಂದು ಅದಕ್ಕೆ ತಿಳಿಯುವುದು ಹೇಗೆ? ಅದೂ ಬರಹದಿಂದಲೇ. ಪ್ರತಿ ಟೂಲಿಗೂ ಒಂದು ಹೆಸರು, ಅದು ಏನು ಮಾಡುತ್ತದೆ ಎನ್ನುವ ಒಂದೆರಡು ಸಾಲು, ಆಮೇಲೆ ಮಾದರಿ ತುಂಬಿಕೊಡಬೇಕಾದ ಬಿಟ್ಟ ಸ್ಥಳಗಳು. ಮಾದರಿಯ ಕಣ್ಣಿಗೆ ಬೀಳುವುದು ಇಷ್ಟೇ. ಸಾಮಾನ್ಯವಾಗಿ ಟೂಲಿನ ಒಳಗೆ ಏನಿದೆ, ಅದನ್ನು ಮಾಡಿದವರ ಮನಸ್ಸಿನಲ್ಲಿ ಏನಿತ್ತು ಎನ್ನುವುದು ಅದಕ್ಕೆ ಕಾಣಿಸುವುದೇ ಇಲ್ಲ.

ಇದನ್ನು ಮನಸ್ಸಿನಲ್ಲಿ ಚಿತ್ರ ಮಾಡಿಕೊಳ್ಳಬೇಕಾದರೆ ನಿಮ್ಮ ಅಜ್ಜಿಯ ಅಡುಗೆಮನೆಗೆ ಹೋಗಿ. ಅಟ್ಟಣಿಗೆಯಲ್ಲಿ ಸಾಲಾಗಿ ಸ್ಟೀಲಿನ ಡಬ್ಬಿಗಳಿವೆ. ಅಜ್ಜಿ ಊರಲ್ಲಿಲ್ಲ. ಇವತ್ತು ಸಾರು ಮಾಡಲು ಹೊಸಬರೊಬ್ಬರು ಬಂದಿದ್ದಾರೆ. ಅವರಿಗೆ ಅಡುಗೆ ಚೆನ್ನಾಗಿ ಬರುತ್ತದೆ. ಆದರೆ ಒಂದು ಷರತ್ತು: ಡಬ್ಬಿಯ ಮುಚ್ಚಳ ತೆಗೆಯುವಂತಿಲ್ಲ, ಮೂಸುವಂತಿಲ್ಲ, ಅಲ್ಲಾಡಿಸುವಂತಿಲ್ಲ. ಮೇಲೆ ಅಂಟಿಸಿದ ಚೀಟಿ ಓದಿ, "ಆ ಡಬ್ಬಿಯಿಂದ ಎರಡು ಚಮಚ" ಎಂದು ಹೇಳಬೇಕು, ಅಷ್ಟೇ. ಅವರು ನೋಡುತ್ತಾರೆ. ಮೂರು ಡಬ್ಬಿಗಳ ಮೇಲೆ ಬರೆದಿರುವುದು ಒಂದೇ ಪದ: 'ಪುಡಿ'. ಸಾರಿನ ಪುಡಿ ಯಾವುದು, ಹುಳಿಪುಡಿ ಯಾವುದು, ಚಟ್ನಿಪುಡಿ ಯಾವುದು? ಅಜ್ಜಿಗೆ ಚೀಟಿಯೇ ಬೇಕಿರಲಿಲ್ಲ, ಕತ್ತಲಲ್ಲೂ ಕೈ ಸರಿಯಾದ ಡಬ್ಬಿಗೇ ಹೋಗುತ್ತಿತ್ತು. ಹೊಸಬರಿಗೆ ಚೀಟಿ ಬಿಟ್ಟರೆ ಗತಿಯಿಲ್ಲ. ನಮ್ಮ ಮಾದರಿ ಆ ಹೊಸಬರ ಜಾಗದಲ್ಲಿದೆ. ಟೂಲಿನ ವಿವರಣೆಯನ್ನು ನಾವೂ ಇನ್ನು ಮೇಲೆ ಚೀಟಿ ಎಂದೇ ಕರೆಯೋಣ.

ಒಂದು ಚೀಟಿಯನ್ನು ಹತ್ತಿರದಿಂದ ನೋಡೋಣ. ಯಾರೋ ಒಬ್ಬರು ರೈಲು ಹುಡುಕುವ ಟೂಲು ಮಾಡಿದ್ದಾರೆ ಎಂದುಕೊಳ್ಳಿ. ಅದರ ಚೀಟಿಯಲ್ಲಿ ಹೀಗಿದೆ. ಹೆಸರು: ರೈಲು. ವಿವರಣೆ: ರೈಲಿನ ಮಾಹಿತಿ ಕೊಡುತ್ತದೆ. ಬಿಟ್ಟ ಸ್ಥಳಗಳು: ಎಲ್ಲಿಂದ, ಎಲ್ಲಿಗೆ, ದಿನ.

ಓದಿದಾಗ ಚೆನ್ನಾಗಿಯೇ ಇದೆ ಅನ್ನಿಸುತ್ತದೆ, ಅಲ್ಲವೇ? ಈಗ ಒಬ್ಬ ಹುಡುಗಿ ಏಜೆಂಟನ್ನು, "ನಾಳೆ ಶಿವಮೊಗ್ಗದಿಂದ ಬೆಂಗಳೂರಿಗೆ ಯಾವ ರೈಲಿದೆ?" ಎಂದು ಕೇಳುತ್ತಾಳೆ. ಮಾದರಿ ಚೀಟಿ ಓದಿ ತುಂಬುತ್ತದೆ. ಎಲ್ಲಿಂದ: ಶಿವಮೊಗ್ಗ. ಎಲ್ಲಿಗೆ: ಬೆಂಗಳೂರು. ದಿನ: ನಾಳೆ. ನೀವಾಗಿದ್ದರೂ ಹಾಗೆಯೇ ತುಂಬುತ್ತಿದ್ದಿರಿ.

ಆದರೆ ಟೂಲಿನ ಒಳಗಿರುವುದು ರೈಲ್ವೆಯವರ ಸಂಕೇತಗಳು. ನಮ್ಮ ರೈಲ್ವೆಯಲ್ಲಿ ಪ್ರತಿ ನಿಲ್ದಾಣಕ್ಕೂ ಕೆಲವೇ ಅಕ್ಷರಗಳ ಒಂದು ಗುರುತಿದೆ. ಶಿವಮೊಗ್ಗ ಟೌನ್ ಅಂದರೆ ಎಸ್‌ಎಂಇಟಿ. ಹುಬ್ಬಳ್ಳಿ ಯುಬಿಎಲ್. ಬೆಂಗಳೂರಂತೂ ಒಂದೇ ನಿಲ್ದಾಣವಲ್ಲ: ಮೆಜೆಸ್ಟಿಕ್ ಹತ್ತಿರದ ಕೆಎಸ್‌ಆರ್ ಬೆಂಗಳೂರು ಎಸ್‌ಬಿಸಿ, ಯಶವಂತಪುರ ವೈಪಿಆರ್, ದಂಡು ನಿಲ್ದಾಣ ಬಿಎನ್‌ಸಿ. ಸುಮ್ಮನೆ 'ಬೆಂಗಳೂರು' ಎಂದರೆ ಟೂಲಿಗೆ ಅರ್ಥವಾಗುವುದಿಲ್ಲ. ಅರ್ಥವಾದರೂ ಯಾವ ನಿಲ್ದಾಣ ಎಂದು ಅದು ಗೊಂದಲಕ್ಕೆ ಬೀಳುತ್ತದೆ.

ದಿನದ ಕಥೆಯೂ ಅಷ್ಟೇ. 'ನಾಳೆ' ಎಂದರೆ ಟೂಲಿಗೆ ತಿಳಿಯದು, ಅದಕ್ಕೆ ತಾರೀಖು ಬೇಕು. ಸರಿ, ಮಾದರಿ 5/6 ಎಂದು ಬರೆಯಿತು ಅನ್ನಿ. ನಾವು ಅದನ್ನು ಜೂನ್ 5 ಎಂದು ಓದುತ್ತೇವೆ. ಅಮೆರಿಕದವರು ತಿಂಗಳನ್ನು ಮೊದಲು ಬರೆಯುತ್ತಾರೆ, ಅವರಿಗೆ ಅದು ಮೇ 6. ಟೂಲು ಮಾಡಿದವರು ಎರಡರಲ್ಲಿ ಯಾವುದನ್ನು ಅಂದುಕೊಂಡಿದ್ದರೋ! ಚೀಟಿ ಅದನ್ನು ಹೇಳಿಯೇ ಇಲ್ಲ.

ಈಗ ಅದೇ ಚೀಟಿಯನ್ನು ತಿದ್ದಿ ಬರೆಯೋಣ. ಹೆಸರು: ಎರಡು ನಿಲ್ದಾಣಗಳ ನಡುವಿನ ರೈಲು ಹುಡುಕು. ವಿವರಣೆ: ಒಂದು ನಿಲ್ದಾಣದಿಂದ ಇನ್ನೊಂದಕ್ಕೆ ಒಂದು ದಿನ ಓಡುವ ರೈಲುಗಳ ಪಟ್ಟಿ ಕೊಡುತ್ತದೆ, ಟಿಕೆಟ್ ಕಾಯ್ದಿರಿಸುವುದಿಲ್ಲ, ರೈಲು ಈಗ ಎಲ್ಲಿದೆ ಎಂದು ಹೇಳುವುದಿಲ್ಲ. ಬಿಟ್ಟ ಸ್ಥಳಗಳು: ಹೊರಡುವ ನಿಲ್ದಾಣದ ಸಂಕೇತ, ಉದಾಹರಣೆಗೆ ಎಸ್‌ಎಂಇಟಿ; ತಲುಪುವ ನಿಲ್ದಾಣದ ಸಂಕೇತ, ಸಂಕೇತ ಗೊತ್ತಿಲ್ಲದಿದ್ದರೆ ಮೊದಲು 'ನಿಲ್ದಾಣ ಹುಡುಕು' ಟೂಲನ್ನು ಬಳಸಿ; ದಿನಾಂಕ, ವರ್ಷ-ತಿಂಗಳು-ದಿನ ಈ ಕ್ರಮದಲ್ಲಿ.

ಟೂಲಿನ ಒಳಗೆ ನಾವು ಒಂದು ಅಕ್ಷರವನ್ನೂ ಬದಲಿಸಿಲ್ಲ, ನೋಡಿ. ಮಾದರಿಯನ್ನು ಹೆಚ್ಚು ಜಾಣ ಮಾಡಿಲ್ಲ. ಚೀಟಿ ಮಾತ್ರ ಬದಲಾಯಿತು. ಏನು ಮಾಡುತ್ತದೆ ಎಂದಷ್ಟೇ ಹೇಳದೆ, ಏನು ಮಾಡುವುದಿಲ್ಲ ಎಂದೂ ಹೇಳಿದ ಆ ಸಾಲು ನನಗೆ ಬಹಳ ಮುಖ್ಯ ಅನ್ನಿಸುತ್ತದೆ. ಬರೆಯುವವರು ಸಾಮಾನ್ಯವಾಗಿ ಬಿಟ್ಟುಬಿಡುವುದು ಅದನ್ನೇ.

ಆದರೆ ಹೊಸ ಚೀಟಿ ಹಳೆಯದಕ್ಕಿಂತ ಒಳ್ಳೆಯದು ಎಂದು ನಾವೇ ಹೇಳಿಕೊಂಡರೆ ಆಯಿತೇ? ಬರೆದವರಿಗೆ ತಮ್ಮ ಬರಹ ಯಾವಾಗಲೂ ಸ್ಪಷ್ಟವಾಗಿಯೇ ಕಾಣುತ್ತದೆ. ಏಕೆಂದರೆ ಬರೆಯದೆ ಬಿಟ್ಟದ್ದೂ ಅವರ ತಲೆಯಲ್ಲಿ ಇರುತ್ತದೆ. ವಿಜ್ಞಾನದ ಕೆಲಸ ಶುರುವಾಗುವುದೇ ಇಲ್ಲಿ: ಪರೀಕ್ಷೆ ಮಾಡಬೇಕು.

ಪರೀಕ್ಷೆ ಹೀಗೆ ನಡೆಯುತ್ತದೆ. ಒಂದಷ್ಟು ಪ್ರಶ್ನೆಗಳನ್ನು ಮೊದಲೇ ಬರೆದಿಟ್ಟುಕೊಳ್ಳುತ್ತಾರೆ. ಪ್ರತಿ ಪ್ರಶ್ನೆಗೂ ಯಾವ ಟೂಲನ್ನು ಕರೆಯಬೇಕು, ಬಿಟ್ಟ ಸ್ಥಳದಲ್ಲಿ ಏನು ತುಂಬಬೇಕು ಎನ್ನುವ ಸರಿಯುತ್ತರವನ್ನೂ ಪಕ್ಕದಲ್ಲಿ ಬರೆದಿಡುತ್ತಾರೆ. ಆಮೇಲೆ ಹಳೆಯ ಚೀಟಿ ಕೊಟ್ಟು ಮಾದರಿಗೆ ಎಲ್ಲ ಪ್ರಶ್ನೆ ಕೇಳುತ್ತಾರೆ. ಹೊಸ ಚೀಟಿ ಕೊಟ್ಟು ಅದೇ ಪ್ರಶ್ನೆಗಳನ್ನು ಮತ್ತೆ ಕೇಳುತ್ತಾರೆ. ಮಾದರಿ ಅದೇ, ಟೂಲು ಅದೇ, ಪ್ರಶ್ನೆಯೂ ಅದೇ. ಬದಲಾದದ್ದು ಚೀಟಿಯೊಂದೇ ಆದ್ದರಿಂದ, ಅಂಕ ಹೆಚ್ಚಿದರೂ ಇಳಿದರೂ ಕಾರಣ ಚೀಟಿಯೇ ಎನ್ನಬಹುದು. ಎರಡು ಕುಂಡದಲ್ಲಿ ಬೀಜ ಹಾಕಿ ಒಂದನ್ನು ಬಿಸಿಲಲ್ಲಿ, ಒಂದನ್ನು ನೆರಳಲ್ಲಿ ಇಡುವ ಪ್ರಯೋಗ ನೀವು ಶಾಲೆಯಲ್ಲಿ ಮಾಡಿರುತ್ತೀರಲ್ಲ, ಇಲ್ಲಿರುವುದೂ ಅದೇ ನಿಯಮ.

ಅಂಕಕ್ಕಿಂತ ನನಗೆ ಖುಷಿ ಕೊಡುವುದು ತಪ್ಪುಗಳನ್ನು ಓದುವುದು. ಪ್ರತಿ ತಪ್ಪೂ ಚೀಟಿಯ ಬೇರೆ ಬೇರೆ ಜಾಗಕ್ಕೆ ಬೆರಳು ತೋರಿಸುತ್ತದೆ. ಮಾದರಿ ಬೇರೆಯದೇ ಟೂಲನ್ನು ಆರಿಸಿಕೊಂಡರೆ, ಎರಡು ಚೀಟಿಗಳ ಬರಹ ಒಂದೇ ಥರ ಇರಬೇಕು. ಟೂಲು ಸರಿ, ತುಂಬಿದ್ದು ತಪ್ಪು ಎಂದಾದರೆ ಬಿಟ್ಟ ಸ್ಥಳದ ಹೆಸರಲ್ಲೋ ಉದಾಹರಣೆಯಲ್ಲೋ ಕೊರತೆಯಿದೆ. ಕರೆಯಲೇಬೇಕಾದಾಗ ಕರೆಯಲಿಲ್ಲ ಅಂದರೆ, ಯಾವಾಗ ಬಳಸಬೇಕು ಎಂದು ಚೀಟಿ ಹೇಳಿಲ್ಲ.

ಇನ್ನೂ ಒಂದು ಬಗೆಯ ತಪ್ಪಿದೆ. ಯಾವ ಟೂಲೂ ಬೇಡದ ಕಡೆ ಸುಮ್ಮನೆ ಒಂದನ್ನು ಕರೆದುಬಿಡುವುದು. "ರೈಲಿಗೆ ಹಳಿ ಯಾಕೆ ಬೇಕು?" ಎಂದು ಕೇಳಿದರೆ ರೈಲಿನ ಪಟ್ಟಿ ಹುಡುಕಲು ಹೋಗಬಾರದು, ಅಲ್ಲವೇ? ಅಮೆರಿಕದ ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್‌ಲಿಯಲ್ಲಿ, ಟೂಲು ಕರೆಯುವುದರಲ್ಲಿ ಯಾವ ಮಾದರಿ ಎಷ್ಟು ಸಮರ್ಥ ಎಂದು ಅಳೆಯುವ ಒಂದು ಪಟ್ಟಿಯನ್ನು 2024ರಲ್ಲಿ ಶುರು ಮಾಡಿದರು. ಅದರಲ್ಲಿ ಕೆಲವು ಪ್ರಶ್ನೆಗಳಿಗೆ ಕೊಟ್ಟ ಟೂಲುಗಳಲ್ಲಿ ಯಾವುದೂ ಹೊಂದುವುದಿಲ್ಲ. ಕರೆಯದೆ ಸುಮ್ಮನಿರುವುದೇ ಅಲ್ಲಿ ಸರಿಯುತ್ತರ. ಎಷ್ಟು ಸೊಗಸಾದ ಪ್ರಶ್ನೆ!

ಒಂದು ಸಲ ಸರಿ ಬಂತು ಎಂದು ನಂಬುವಂತೆಯೂ ಇಲ್ಲ. ಅದೇ ಪ್ರಶ್ನೆಯನ್ನು ಮತ್ತೆ ಕೇಳಿದರೆ ಮಾದರಿ ಬೇರೆ ಥರ ಬರೆಯಬಹುದು. ಹಾಗಾಗಿ ಒಂದೇ ಪ್ರಶ್ನೆಯನ್ನು ಹಲವು ಸಲ ಕೇಳಿ ನೋಡಬೇಕು. 2024ರಲ್ಲಿ ಸಿಯೆರಾ ಎಂಬ ಕಂಪನಿಯವರು ಮಾಡಿದ 'ಟೌ-ಬೆಂಚ್' ಎಂಬ ಪರೀಕ್ಷೆಯಲ್ಲಿ, ಅದೇ ಕೆಲಸವನ್ನು ಎಷ್ಟು ಸಲ ಕೊಟ್ಟರೂ ಅಷ್ಟೂ ಸಲ ಸರಿಯಾಗಿ ಮಾಡುತ್ತದೆಯೇ ಎಂದು ಅಳೆಯುತ್ತಾರೆ. ಇದು ಎಷ್ಟು ಕಠಿಣ ಗೊತ್ತೇ? ಹತ್ತರಲ್ಲಿ ಒಂಬತ್ತು ಸಲ ಸರಿ ಮಾಡುವ ಏಜೆಂಟನ್ನು ತೆಗೆದುಕೊಳ್ಳಿ. ಎಂಟು ಸಲವೂ ತಪ್ಪದೆ ಸರಿ ಮಾಡುವ ಸಾಧ್ಯತೆ ಬೇಕಾದರೆ 0.9 ಅನ್ನು ಎಂಟು ಸಲ ಗುಣಿಸಬೇಕು. ಕಾಗದ ತೆಗೆದು ಮಾಡಿ ನೋಡಿ. 0.43ರ ಹತ್ತಿರ ಬರುತ್ತದೆ, ಅರ್ಧಕ್ಕಿಂತ ಕಡಿಮೆ!

ಈಗ ನಿಜವಾಗಿ ನಡೆದ ಎರಡು ಪ್ರಸಂಗ ಹೇಳುತ್ತೇನೆ. ಎರಡನ್ನೂ ಆಂಥ್ರಪಿಕ್ ಕಂಪನಿಯವರೇ ಬರೆದು ಎಲ್ಲರೊಂದಿಗೆ ಹಂಚಿಕೊಂಡಿದ್ದಾರೆ. ಮೊದಲನೆಯದು 2024ರದು. ಸಾಫ್ಟ್‌ವೇರಿನ ತಪ್ಪು ತಿದ್ದುವ ಒಂದು ಏಜೆಂಟನ್ನು ಅವರು ತಯಾರಿಸುತ್ತಿದ್ದರು. ಕಂಪ್ಯೂಟರಿನಲ್ಲಿ ಕಡತಗಳು ಫೋಲ್ಡರಿನೊಳಗೆ ಫೋಲ್ಡರು, ಅದರೊಳಗೆ ಇನ್ನೊಂದು ಎಂಬಂತೆ ಇರುತ್ತವೆ. ಒಂದು ಕಡತ ಎಲ್ಲಿದೆ ಎಂದು ಎರಡು ಥರ ಹೇಳಬಹುದು: ಎಲ್ಲಕ್ಕಿಂತ ಮೇಲಿನ ಫೋಲ್ಡರಿನಿಂದ ಹಿಡಿದು ಪೂರ್ತಿ ದಾರಿ ಹೇಳುವುದು, ಇಲ್ಲವೇ ನಾವು ಈಗ ನಿಂತ ಫೋಲ್ಡರಿನಿಂದ ದಾರಿ ಹೇಳುವುದು. ಏಜೆಂಟ್ ಎರಡನೆಯ ಥರ ಹೇಳುತ್ತಿತ್ತು. ಶುರುವಿನ ಫೋಲ್ಡರಿನಲ್ಲಿ ಇರುವಷ್ಟು ಹೊತ್ತು ಎಲ್ಲ ಸರಿ. ಅಲ್ಲಿಂದ ಬೇರೆ ಫೋಲ್ಡರಿಗೆ ಸರಿದ ಮೇಲೆ ದಾರಿ ತಪ್ಪುತ್ತಿತ್ತು.

ಅವರು ಏನು ಮಾಡಿದರು? ಮಾದರಿಯನ್ನು ಗದರಿಸಲಿಲ್ಲ. ಇನ್ನು ಮುಂದೆ ಈ ಟೂಲಿಗೆ ಪೂರ್ತಿ ದಾರಿಯನ್ನೇ ಕೊಡಬೇಕು ಎಂದು ಟೂಲನ್ನೇ ಬದಲಿಸಿದರು. ಆಮೇಲೆ ಮಾದರಿ ಅದನ್ನು ತಪ್ಪಿಲ್ಲದೆ ಬಳಸಿತಂತೆ. ಆ ಏಜೆಂಟನ್ನು ತಯಾರಿಸುವಾಗ ಮಾದರಿಗೆ ಕೊಡುವ ಒಟ್ಟಾರೆ ಸೂಚನೆಗಳಿಗಿಂತ ಟೂಲುಗಳನ್ನು ತಿದ್ದುವುದಕ್ಕೇ ಹೆಚ್ಚು ಹೊತ್ತು ಹಿಡಿಯಿತು ಎಂದೂ ಅವರು ಬರೆದಿದ್ದಾರೆ. ತಪ್ಪು ಮಾಡಿದವರನ್ನು ಬಿಟ್ಟು, ತಪ್ಪಿಗೆ ದಾರಿ ಕೊಟ್ಟ ಜಾಗವನ್ನು ಮುಚ್ಚಿದ ಈ ಉಪಾಯ ನನಗೆ ತುಂಬ ಹಿಡಿಸಿತು.

ಎರಡನೆಯದು 2025ರಲ್ಲಿ ಬರೆದದ್ದು. ಅವರ ಮಾದರಿ ಕ್ಲಾಡ್‌ಗೆ ಅಂತರ್ಜಾಲ ಹುಡುಕುವ ಟೂಲು ಕೊಟ್ಟಿದ್ದರು. ಅದು ಬರೆದ ಹುಡುಕು-ಪದಗಳನ್ನು ಒಂದೊಂದಾಗಿ ಓದಿದಾಗ ಒಂದು ವಿಚಿತ್ರ ಕಾಣಿಸಿತು: ಬೇಕಿಲ್ಲದ ಕಡೆಯೂ ಕೊನೆಗೆ '2025' ಎಂದು ಸೇರಿಸುತ್ತಿತ್ತು! ಹಾಗೆ ಸೇರಿಸಿದರೆ ಹುಡುಕಾಟವೇ ಒಂದು ಕಡೆಗೆ ವಾಲುತ್ತದೆ. ಹಳೆಯ ಕಾಲದ ಸಂಗತಿ ಹುಡುಕುವವರಿಗೂ ಆ ವರ್ಷದ ಪುಟಗಳೇ ಎದುರಾಗಬಹುದು. ಇದಕ್ಕೆ ಮದ್ದು ಚೀಟಿಯಲ್ಲೇ ಇತ್ತು. ಟೂಲಿನ ವಿವರಣೆಯನ್ನು ತಿದ್ದಿದರು, ಅಭ್ಯಾಸ ಸರಿಹೋಯಿತು. ಕೊನೆಯ ಉತ್ತರ ಸರಿಯೋ ತಪ್ಪೋ ಎಂದು ಮಾತ್ರ ನೋಡಿದ್ದರೆ ಈ ಚಾಳಿ ಕಣ್ಣಿಗೆ ಬೀಳುತ್ತಲೇ ಇರಲಿಲ್ಲ. ನಡುವೆ ಬರೆದದ್ದನ್ನು ತಾಳ್ಮೆಯಿಂದ ಓದಿದ್ದರಿಂದ ಸಿಕ್ಕಿತು.

ಹಾಗಾದರೆ ಚೀಟಿಯಲ್ಲಿ ಎಲ್ಲವನ್ನೂ ತುಂಬಿಬಿಡೋಣ ಎಂದು ನಿಮಗೆ ಅನ್ನಿಸಬಹುದು. ಅದೂ ಆಗದು. ಮಾದರಿ ಒಂದು ಸಲಕ್ಕೆ ಓದಬಲ್ಲ ಬರಹಕ್ಕೆ ಮಿತಿಯಿದೆ. ಬಹಳ ಕಡೆ ಎಲ್ಲ ಟೂಲುಗಳ ಚೀಟಿಗಳನ್ನೂ ಕೆಲಸದ ಉದ್ದಕ್ಕೂ ಅದರ ಮುಂದೆಯೇ ಇಟ್ಟಿರುತ್ತಾರೆ. ನೂರು ಟೂಲಿಗೆ ನೂರು ಉದ್ದ ಚೀಟಿ ಕೊಟ್ಟರೆ ನಿಮ್ಮ ಪ್ರಶ್ನೆಗೆ ಉಳಿಯುವ ಜಾಗ ಕಡಿಮೆಯಾಗುತ್ತದೆ, ಗೊಂದಲ ಹೆಚ್ಚುತ್ತದೆ. ಯಾವ ಸಾಲು ತೆಗೆದರೆ ತಪ್ಪು ಹೆಚ್ಚುತ್ತದೋ ಆ ಸಾಲು ಬೇಕು. ತೆಗೆದರೂ ಏನೂ ಆಗದಿದ್ದರೆ ಅದು ಬೇಡ. ಇದನ್ನೂ ಪರೀಕ್ಷೆಯೇ ಹೇಳಬೇಕು.

ಟೂಲು ಕೊಡುವ ಉತ್ತರವೂ ಒಂದು ಬಗೆಯ ಚೀಟಿ ಎನ್ನಿ. ತಾರೀಖು ತಪ್ಪಾದಾಗ 'ದೋಷ 400' ಎಂದು ಬಂದರೆ ಮಾದರಿ ಏನು ಮಾಡಬೇಕು? "ದಿನಾಂಕವನ್ನು 2026-06-05 ಹೀಗೆ ಬರೆಯಿರಿ" ಎಂದು ಬಂದರೆ ಮುಂದಿನ ಸಲ ತಿದ್ದಿಕೊಳ್ಳಬಹುದು.

ಚೀಟಿಯನ್ನು ಯಾರು ಬರೆದರು ಎಂಬುದನ್ನೂ ನೋಡಬೇಕು. ಮಾದರಿ ಚೀಟಿಯನ್ನು ನಂಬಿ ನಡೆಯುತ್ತದಲ್ಲ, ಕೆಟ್ಟ ಮನಸ್ಸಿನವರು ಅದರಲ್ಲಿ ಗುಟ್ಟಾಗಿ ಬೇರೆ ಆಜ್ಞೆಗಳನ್ನು ಸೇರಿಸಿಬಿಡಬಹುದು. ಅದಕ್ಕೇ ಗುರುತು ಪರಿಚಯವಿಲ್ಲದವರ ಟೂಲನ್ನು ಏಜೆಂಟಿಗೆ ಜೋಡಿಸುವ ಮುಂಚೆ ಅದರ ಚೀಟಿಯನ್ನು ದೊಡ್ಡವರು ಒಮ್ಮೆ ಪೂರ್ತಿ ಓದಬೇಕು.

ಈ ಪರೀಕ್ಷೆಯನ್ನು ಕಂಪ್ಯೂಟರ್ ಇಲ್ಲದೆಯೂ ನೀವು ಮಾಡಬಹುದು, ಮೂವರು ಗೆಳೆಯರು ಸಾಕು. ಒಬ್ಬರು ಟೂಲು. ನಿಮ್ಮ ಶಾಲೆಯ ವೇಳಾಪಟ್ಟಿಯನ್ನು ಅವರು ಕೈಯಲ್ಲಿ ಮುಚ್ಚಿ ಹಿಡಿದಿರಬೇಕು. 'ತರಗತಿ, ವಾರ, ಪೀರಿಯಡ್ ಸಂಖ್ಯೆ' ಈ ಮೂರನ್ನೂ ಸರಿಯಾಗಿ ಬರೆದುಕೊಟ್ಟರೆ ಮಾತ್ರ ಯಾವ ಪಾಠ ಎಂದು ಹೇಳಬೇಕು, ಇಲ್ಲದಿದ್ದರೆ ಬಾಯಿ ಬಿಡಬಾರದು. ಇನ್ನೊಬ್ಬರು ಮಾದರಿ. ಅವರು ಬೇರೆ ಶಾಲೆಯವರಾದರೆ ಇನ್ನೂ ಒಳ್ಳೆಯದು. ಚೀಟಿ ಬಿಟ್ಟು ಬೇರೇನನ್ನೂ ಅವರು ನೋಡುವಂತಿಲ್ಲ, ಕೇಳುವಂತಿಲ್ಲ. ಮೂರನೆಯವರು ಚೀಟಿ ಬರೆದು, ಪ್ರಶ್ನೆ ಕೇಳಿ, ಮಾದರಿ ಬರೆದುಕೊಟ್ಟದ್ದನ್ನೆಲ್ಲ ಗುರುತು ಹಾಕಿಕೊಳ್ಳಬೇಕು.

"ಏಳನೇ ತರಗತಿಗೆ ನಾಡಿದ್ದು ಊಟವಾದ ಮೇಲೆ ಮೊದಲು ಏನಿದೆ?" ಎಂದು ಕೇಳಿ. ಊಟದ ಬಿಡುವನ್ನೂ ಒಂದು ಪೀರಿಯಡ್ ಎಂದು ಎಣಿಸಬೇಕೋ ಬೇಡವೋ? ಏಳನೇ ತರಗತಿಯಲ್ಲಿ ಎ, ಬಿ ಎಂದು ಎರಡು ವಿಭಾಗಗಳಿದ್ದರೆ? ಶನಿವಾರ ಅರ್ಧ ದಿನವಾದರೆ? ಎಡವಿದ ಕಡೆಯಲ್ಲೆಲ್ಲ ಚೀಟಿ ತಿದ್ದಿ. ತಿದ್ದಿದ ಮೇಲೆ ಹಳೆಯ ಪ್ರಶ್ನೆಗಳನ್ನು ಪಕ್ಕಕ್ಕಿಟ್ಟು ಹೊಸ ಪ್ರಶ್ನೆಗಳನ್ನೇ ಕೇಳಿ, ಮಾದರಿಯ ಜಾಗಕ್ಕೂ ಹೊಸ ಗೆಳೆಯರನ್ನು ಕರೆಯಿರಿ. ಹಳಬರಿಗೆ ಉತ್ತರ ಬಾಯಿಪಾಠವಾಗಿರುತ್ತದೆ, ಚೀಟಿ ಸುಧಾರಿಸಿತೋ ಇಲ್ಲವೋ ಅವರಿಂದ ತಿಳಿಯುವುದಿಲ್ಲ.